ಅಕ್ಕನ ಹಲ್ಲಿನ ಸೆಟ್ಟು

ಮುನಿಲಕ್ಷ್ಮಮ್ಮನ ಬಾಯಲ್ಲಿದ್ದ ಮೇಲಿನ ಹಲ್ಲಿನ ಸೆಟ್ಟು ಹೋಗಿ ಬಿದ್ದದ್ದು ಅರಿಶಿಣ ಕುಂಕುಮದ ತಟ್ಟೆಗೆ. ಅದೂ ಎಂಥ ಹೊತ್ತಿನಲ್ಲಿ ಅಂತೀರಿ! ಮೊಮ್ಮಗಳು ಸಿಂಧುವಿನ ವೀಳ್ಯಶಾಸ್ತ್ರದ ದಿನ, ಗಂಡಿನ ಕಡೆಯವರು ನಡುಮನೆ ತುಂಬ ಕೂತು ಕಾಫಿ ಕುಡಿಯುತ್ತಿದ್ದಾಗ.

ದೊಡ್ಡಬೆಳವಂಗಲದ ಸುತ್ತ ಹತ್ತೂರಿನ ಮದುವೆಗಳಿಗೆ ಸೋಬಾನೆ ಪದ ಹೇಳಲು ಮುನಿಲಕ್ಷ್ಮಮ್ಮನನ್ನು ಕರೆಯುತ್ತಿದ್ದ ಕಾಲ ಒಂದಿತ್ತು. ಅದು ಗೊತ್ತಿದ್ದ ಯಾರೋ, "ಅಜ್ಜೀ, ಶಾಸ್ತ್ರಕ್ಕೆ ಒಂದು ಪದ ಹೇಳಿ" ಎಂದರು. ಅವಳಿಗೂ ಆಸೆಯೇ. ಸೆರಗು ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದಳು. "ಸೋ..." ಎನ್ನುವಷ್ಟರಲ್ಲಿ ಸೆಟ್ಟು ಜಾರಿ ಠಣ್ ಎಂದು ತಟ್ಟೆಗೆ ಬಿತ್ತು. ಗಂಡಿನ ಕಡೆಯ ಹುಡುಗಿಯರು ದುಪಟ್ಟಾ ಬಾಯಿಗೆ ತುರುಕಿಕೊಂಡು ನಕ್ಕರು. ಅರಿಶಿಣ ಮೆತ್ತಿದ ಹಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದ ಮುನಿಲಕ್ಷ್ಮಮ್ಮ, ಬೀಗರು ಹೊರಡುವವರೆಗೆ ಹಿತ್ತಲಿನಿಂದ ಒಳಗೆ ಕಾಲಿಡಲಿಲ್ಲ.

"ಇನ್ನು ನಾನು ಪದ ಹೇಳಾಕಿಲ್ಲ" ಎಂದು ಅವತ್ತು ಸಾಯಂಕಾಲವೇ ಹೇಳಿಬಿಟ್ಟಳು. "ಮದುವೇಲೂ ಅಷ್ಟೆ. ಡೀಜೆನೋ ಗೀಜೆನೋ ಏನಾರ ಹಾಕ್ಕೊಳ್ಳಿ."

"ಅಜ್ಜೀ, ನಮ್ಮಮ್ಮ ಈ ಮನೆಗೆ ಬಂದಾಗ ನಿನ್ನ ಪದ, ಅತ್ತೆ ಮದುವೆಗೆ ನಿನ್ನ ಪದ. ನನಗೆ ಮಾತ್ರ ಡೀಜೆನಾ?" ಎಂದಳು ಸಿಂಧು. ಅವಳ ಕಣ್ಣಲ್ಲಿ ನೀರಾಡಿತು. ಅಜ್ಜಿ ಮುಖ ತಿರುಗಿಸಿಕೊಂಡಳು. ಮದುವೆಗೆ ಇನ್ನು ನಾಲ್ಕು ತಿಂಗಳಿತ್ತು.

ಪಾಪ, ಮುನಿಲಕ್ಷ್ಮಮ್ಮನಿಗೆ ಹಾಡುವ ಆಸೆ ಇರಲಿಲ್ಲ ಎಂದುಕೊಳ್ಳಬೇಡಿ. ಪದವೆಂದರೆ ಅವಳಿಗೆ ಜೀವ. ಅವಳೂ ಅವಳ ಅಕ್ಕ ಸಪ್ಪಲಮ್ಮನೂ ಒಂದೇ ದಿನ, ಒಂದೇ ಚಪ್ಪರದಲ್ಲಿ ಅಣ್ಣತಮ್ಮಂದಿರನ್ನು ಮದುವೆಯಾಗಿ ಈ ಮನೆಗೆ ಬಂದವರು. ಆಗೆಲ್ಲ ಮದುವೆಮನೆಯವರು ಎತ್ತಿನ ಗಾಡಿ ಕಳಿಸಿ ಅಕ್ಕತಂಗಿಯರನ್ನು ಕರೆಸಿಕೊಳ್ಳುತ್ತಿದ್ದರು. ಚಪ್ಪರದ ಹಸಿ ಸೊಪ್ಪಿನ ವಾಸನೆ, ಕಾಲಡಿಯಲ್ಲಿ ಈಚಲು ಚಾಪೆ, ನಡುವೆ ಎಲೆ ಅಡಿಕೆ ತಟ್ಟೆ. ಮೈಕು ಇಲ್ಲ, ಏನಿಲ್ಲ. ಅಕ್ಕ ಎತ್ತಿಕೊಟ್ಟರೆ ತಂಗಿ ಹಿಡಿದುಕೊಳ್ಳುವಳು, ತಂಗಿ ಉಸಿರು ತೆಗೆದುಕೊಳ್ಳುವಾಗ ಅಕ್ಕ. ಬೆಳಗಿನವರೆಗೆ ಹೇಳಿದರೂ ಒಂದು ಸಾಲು ಎರಡನೆಯ ಸಲ ಬರುತ್ತಿರಲಿಲ್ಲ. ಎಂಥ ದಿನಗಳವು! 

ಸಪ್ಪಲಮ್ಮ ತೀರಿಕೊಂಡು ಎರಡು ವರ್ಷವಾಯಿತು.

ವೀಳ್ಯಶಾಸ್ತ್ರ ಕಳೆದು ಮೂರು ದಿನಕ್ಕೆ ಆಶಾ ಕಾರ್ಯಕರ್ತೆ ರಮ್ಯ ಬಿಪಿ ನೋಡಲು ಮನೆಗೆ ಬಂದಳು. ಸುದ್ದಿ ಆಗಲೇ ಊರೆಲ್ಲ ಸುತ್ತಿ ಅವಳ ಕಿವಿಗೂ ಬಿದ್ದಿತ್ತು.

"ದೊಡ್ಡಮ್ಮ, ಸೆಟ್ಟು ಎಲ್ಲಿ ಮಾಡ್ಸಿದ್ರಿ? ಇಷ್ಟು ಸಡಿಲ ಯಾಕಿದೆ?"

"ಮಾಡ್ಸಿದ್ದೆಲ್ಲಿ ಬಂತು. ಇತ್ತು, ಹಾಕ್ಕೊಂಡೆ."

"ಇತ್ತು ಅಂದ್ರೆ?"

ಸೊಸೆ ಭಾಗ್ಯಮ್ಮ ಒಲೆ ಮುಂದಿನಿಂದಲೇ ಹೇಳಿಬಿಟ್ಟಳು: "ಅದು ದೊಡ್ಡತ್ತೇದು ರಮ್ಯಕ್ಕ! ಸಪ್ಪಲಮ್ಮತ್ತೇದು. ಹೋದ್ ವರ್ಷ ಇವ್ರ ಹಲ್ಲೆಲ್ಲ ಉದುರಿದ್ಮೇಲೆ ಪೆಟ್ಟಿಗೇಲಿದ್ದುದ್ನ ತೆಗ್ದು, ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗಿಟ್ಟು ಹಾಕ್ಕೊಂಬುಟ್ರು. ಹಿತ್ತಾಳೆ ಚೊಂಬು ತಿಕ್ದಂಗೆ ತಿಕ್ಕವ್ರೆ."

ರಮ್ಯ ಬಿಪಿ ಮಿಷನ್ನು ಕೆಳಗಿಟ್ಟಳು. "ಅಯ್ಯೋ ಶಿವನೇ! ಸತ್ತೋರ ಹಲ್ಲು ಯಾರಾದ್ರೂ ಹಾಕ್ಕೊಳ್ತಾರಾ?"

"ಯಾಕ್ ಹಾಕ್ಕೋಬಾರ್ದು?" ಮುನಿಲಕ್ಷ್ಮಮ್ಮನಿಗೆ ಸಿಟ್ಟು ಬಂತು. "ಹುಟ್ದಾಗಿಂದ ಅಕ್ಕ ಬಿಟ್ಟಿದ್ದೇ ತೊಟ್ಟೋಳು ನಾನು. ಅವಳ ಲಂಗ ನನಗೆ ಬಂತು, ರವಿಕೆ ನನಗೆ ಬಂತು, ಕಾಲುಗೆಜ್ಜೇನೂ ನನಗೇ ಬಂತು. ಇಬ್ರುದೂ ಒಂದೇ ಮೊಖ ಅಂತಿತ್ತು ಊರು. ಹಲ್ಲು ಬಂದ್ರೆ ಏನಾಯ್ತು?"

"ಲಂಗ ದೊಡ್ಡದಾದ್ರೆ ಪಿನ್ನು ಹಾಕ್ಕೋಬೋದು ದೊಡ್ಡಮ್ಮ. ಇದಕ್ಕೇನ್ ಹಾಕ್ತೀರಿ?"

ಮುನಿಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಹಾಕುತ್ತಿದ್ದಳಲ್ಲ! ಸೆಟ್ಟು ಜಾರದಿರಲಿ ಎಂದು ದಿನಾ ಬೆಳಿಗ್ಗೆ ಒಂದು ಚೂರು ಹತ್ತಿ ಮಡಿಚಿ ಎಡಗಡೆ ವಸಡಿಗೆ ಒತ್ತಿಕೊಳ್ಳುತ್ತಿದ್ದಳು. ಅಲ್ಲೇ ಒಂದು ಹುಣ್ಣಾಗಿತ್ತು. ಆಗಿ ಒಂದು ತಿಂಗಳ ಮೇಲಾಗಿತ್ತು. ಅದು ಉರಿದಾಗಲೆಲ್ಲ ಹೊಗೆಸೊಪ್ಪಿನ ಕಡ್ಡಿಪುಡಿ ಸ್ವಲ್ಪ ಜಾಸ್ತಿ ಹಾಕಿಕೊಂಡರೆ ಮರಗಟ್ಟಿ ನೋವು ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ರಮ್ಯ ಮೊಬೈಲಿನ ಲೈಟು ಬಿಟ್ಟು ಬಾಯಿ ನೋಡಿದವಳು ಹುಣ್ಣಿನ ಮೇಲೇ ಬೆಳಕು ನಿಲ್ಲಿಸಿದಳು. ಆಮೇಲೆ, "ಸೋಮವಾರ ಬಸ್ಸು ಹತ್ತಣ ದೊಡ್ಡಮ್ಮ. ಈ ಹುಣ್ಣನ್ನ ಡಾಕ್ಟ್ರು ನೋಡ್ಲೇಬೇಕು. ಹೊಸ ಸೆಟ್ಟೂ ಮಾಡ್ಸಣ" ಎಂದಳು.

ಅಷ್ಟರಲ್ಲಿ ಮಗ ಅಂಬರೀಶ್ ದಾಬಸ್‌ಪೇಟೆಯ ಫ್ಯಾಕ್ಟರಿಯ ಮೊದಲ ಶಿಫ್ಟು ಮುಗಿಸಿ ಬಂದ. ವಿಷಯ ಕೇಳಿ ನಕ್ಕುಬಿಟ್ಟ.

"ಈ ವಯಸ್ಸಲ್ಲಿ ಹೊಸ ಹಲ್ಲು ಯಾಕೆ ರಮ್ಯಕ್ಕ? ಮುದ್ದೆ ಉಣ್ಣೋರು ನಾವು. ನುಂಗೋದ್ ತಾನೆ? ಅಗಿದ್ರೆ ನಮ್ಮಮ್ಮನೇ ಬೈಯೋಳು ಚಿಕ್ಕಂದಿನಲ್ಲಿ."

"ಮುದ್ದೆ ನುಂಗ್ಲಿ ಅಣ್ಣ, ಬೇಡ ಅಂದೋರ್ಯಾರು? ಮುದ್ದೆ ಜೊತೆ ಏನ್ ತಿಂತಾರೆ ಅಂತ ಕೇಳಿದೀಯಾ? ಕಾಳು ಅಗಿಯಕ್ಕಾಗಲ್ಲ, ಸೊಪ್ಪು ಅಗಿಯಕ್ಕಾಗಲ್ಲ. ಒಂದು ವರ್ಷದಿಂದ ಬರೀ ತಿಳಿಸಾರು. ಹೋದ್ ಸಲಕ್ಕಿಂತ ಮೂರು ಕೆಜಿ ಇಳಿದವ್ರೆ. ಬಿಪಿ ಮಾತ್ರೆ ನುಂಗೋ ಮೈಯಿಗೆ ಊಟ ಬೇಡ್ವಾ?"

ಅಂಬರೀಶ್ ಅಮ್ಮನ ಕೈಬಳೆ ನೋಡಿದ. ಮೊಣಕೈ ಹತ್ತಿರಕ್ಕೆ ಜಾರಿ ಹೋಗಿತ್ತು. ಅವನು ಮತ್ತೆ ನಗಲಿಲ್ಲ. "ಸೋಮವಾರ ನಾನೇ ರಜ ಹಾಕ್ತೀನಿ" ಎಂದ.

ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿದ್ದವರು ಅಕ್ಷತ ಎಂಬ ಡಾಕ್ಟರು. ಸಣ್ಣ ವಯಸ್ಸು, ತಾಳ್ಮೆ ಮಾತ್ರ ದೊಡ್ಡದು. ಹುಣ್ಣನ್ನು ನೋಡಿ, ಬೆರಳಿಂದ ಸುತ್ತಲೂ ಮುಟ್ಟಿ, ಕತ್ತಿನ ಪಕ್ಕವನ್ನೂ ಒತ್ತಿ ನೋಡಿದರು.

"ಅಜ್ಜಿ, ಎರಡು ವಾರ ಆದ್ರೂ ಮಾಯದ ಹುಣ್ಣನ್ನ ಯಾವತ್ತೂ ಸುಮ್ನೆ ಬಿಡಬಾರದು. ಅದರಲ್ಲೂ ಕಡ್ಡಿಪುಡಿ ಹಾಕೋರು ಬಿಡ್ಲೇಬಾರದು. ಇದು ಸೆಟ್ಟು ಉಜ್ಜಿ ಆಗಿರೋ ಹಾಗೆ ಕಾಣ್ತಿದೆ. ಆದ್ರೆ ನೋಡಿ ಹೇಳೋಕಾಗಲ್ಲ. ಎರಡು ವಾರ ಸೆಟ್ಟು ಬಾಯಿಗೆ ಹಾಕ್ಬೇಡಿ, ಕಡ್ಡಿಪುಡಿ ಮುಟ್ಬೇಡಿ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ. ಮಾದ್ರೆ ಸರಿ. ಮಾಯದಿದ್ರೆ ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕಾಗತ್ತೆ."

ಪರೀಕ್ಷೆ ಎಂದರೆ ಯಾವುದರ ಪರೀಕ್ಷೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕ್ಯಾನ್ಸರಿನ ಪರೀಕ್ಷೆ ಎಂದು ಎಲ್ಲರಿಗೂ ಅರ್ಥವಾಯಿತು.  ಆದರೆ ಮುನಿಲಕ್ಷ್ಮಮ್ಮ ಹೆದರಿದ್ದು ಅದಕ್ಕಲ್ಲ. ಸೆಟ್ಟನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡು ಸಣ್ಣ ಮಗುವಿನಂತೆ ಅತ್ತುಬಿಟ್ಟಳು.

"ಇದನ್ ಬಿಟ್ಟಿರಾಕೆ ಆಗಾಕಿಲ್ಲ ಕಣಮ್ಮ. ಇಬ್ರುದೂ ಒಂದೇ ಮೊಖ, ಹಾಕ್ಕೊಂಡು ಕನ್ನಡಿ ನೋಡ್ಕೊಂಡ್ರೆ ನಮ್ಮಕ್ಕ ನಗ್ತಾಳೆ. ದಿನಾ ಬೆಳಿಗ್ಗೆ ಅದೊಂದ್ ಗಳಿಗೆ ನೋಡ್ಕೋತೀನಿ. ಅಷ್ಟೇ ನನಗಿರಾದು."

ಅಂಬರೀಶ್ ಕಿಟಕಿ ಕಡೆ ತಿರುಗಿದ. ರಮ್ಯ ದೊಡ್ಡಮ್ಮನ ಬೆನ್ನು ಸವರಿದಳು. ಅಕ್ಷತ ಡಾಕ್ಟರು ಕೈಗವಸು ತೆಗೆದು, ಸ್ಟೂಲು ಹತ್ತಿರ ಎಳೆದುಕೊಂಡು ಕೂತರು.

"ಅದನ್ನ ನೆನಪಿಗೆ ಇಟ್ಕೊಳ್ಳಿ ಅಜ್ಜಿ. ನಾನು ಕಿತ್ಕೊಳ್ಳಲ್ಲ. ಬಾಯಿಗೆ ಮಾತ್ರ ಬೇಡ. ಒಡಹುಟ್ಟಿದೋರೇ ಆಗಿರ್ಲಿ, ಒಬ್ಬರ ದವಡೆ ಇನ್ನೊಬ್ಬರದಾಗಲ್ಲ. ಮುಂದಿನ ಸಲ ಬರೋವಾಗ ಒಂದ್ ಕೆಲಸ ಮಾಡಿ. ನಿಮ್ಮ ಹಲ್ಲು ಕಾಣೋ ಹಳೇ ಫೋಟೋ ಇದ್ರೆ ತನ್ನಿ. ಹೊಸ ಸೆಟ್ಟು ನಿಮ್ಮ ಹಲ್ಲಿನ ಹಾಗೇ ಕಾಣಬೇಕಲ್ವಾ?"

ಆ ಎರಡು ವಾರ ಮನೆಯವರೆಲ್ಲ ಹುಣ್ಣಿನ ಕಾವಲಿಗೆ ನಿಂತರು. ಕಡ್ಡಿಪುಡಿ ಡಬ್ಬಿಯನ್ನು ಭಾಗ್ಯಮ್ಮ ತಿಪ್ಪೆಗೆ ಎಸೆದಳು. ಮುನಿಲಕ್ಷ್ಮಮ್ಮ ಅತ್ತಿಂದಿತ್ತ ಓಡಾಡಿ, ಸಿಡುಕಿ, ಕಡೆಗೆ ಏಲಕ್ಕಿ ಬಾಯಿಗಿಟ್ಟುಕೊಂಡು ಸಹಿಸಿದಳು. ಸಿಂಧು ದಿನಕ್ಕೆ ಮೂರು ಸಲ ಉಪ್ಪುನೀರು ಕಾಯಿಸಿ ಕೊಟ್ಟು, ಮೊಬೈಲಿನ ಬೆಳಕಲ್ಲಿ ಹುಣ್ಣು ನೋಡುವಳು. ಹತ್ತನೆಯ ದಿನ ಅದು ಅರ್ಧಕ್ಕಿಳಿದಿತ್ತು. ಮತ್ತೆ ಆಸ್ಪತ್ರೆಗೆ ಹೋದ ದಿನ ಡಾಕ್ಟರು ನೋಡಿ, "ಮಾದಿದೆ ಅಜ್ಜಿ, ಪೂರ್ತಿ ಮಾದಿದೆ" ಎಂದಾಗ ಅಂಬರೀಶ್ ಅಲ್ಲೇ ಗೋಡೆಗೊರಗಿ ದೊಡ್ಡದೊಂದು ಉಸಿರು ಬಿಟ್ಟ.

ಅವತ್ತು ಮುನಿಲಕ್ಷ್ಮಮ್ಮ ಫೋಟೋ ತಂದಿದ್ದಳು. ಮೂವತ್ತು ವರ್ಷದ ಹಿಂದಿನದು. ಯಾರದೋ ಮದುವೆಯಲ್ಲಿ ಅಕ್ಕತಂಗಿ ಇಬ್ಬರೂ ಬಾಯ್ತುಂಬ ಹಾಡುತ್ತಿರುವಾಗ ತೆಗೆದದ್ದು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು.

"ಇಬ್ಬರದೂ ಒಂದೇ ಮುಖ ಅಂದ್ರಲ್ಲ ಅಜ್ಜಿ, ಹಲ್ಲು ನೋಡಿ. ನಿಮ್ಮಕ್ಕಂದು ಚಿಕ್ಕ ಚಿಕ್ಕ ಹಲ್ಲು, ನೇರ ಸಾಲು. ನಿಮ್ಮದು ಅಗಲ. ಇಲ್ಲಿ ನೋಡಿ, ಮುಂದಿನದೊಂದು ಪಕ್ಕದ ಹಲ್ಲಿನ ಮೇಲೆ ಸ್ವಲ್ಪ ಹತ್ತಿ ಕೂತಿದೆ."

ಮುನಿಲಕ್ಷ್ಮಮ್ಮ ಫೋಟೋವನ್ನು ಕಣ್ಣಿನ ಹತ್ತಿರ ತಂದುಕೊಂಡಳು. ಹೌದಲ್ಲ! ತನ್ನ ಹಲ್ಲು ಹೇಗಿತ್ತೆಂಬುದೇ ಅವಳಿಗೆ ಮರೆತುಹೋಗಿತ್ತು. ನೋಡುತ್ತ ನೋಡುತ್ತ ಮುಖ ಅರಳಿತು.

"ಈ ಹಲ್ಲು..." ಎಂದಳು. "ಇದು ಹುಟ್ದಾಗ್ಲೇ ಸೊಟ್ಟ ಹುಟ್ತು. ದಿನಾ ಹೆಬ್ಬೆಟ್ಟಲ್ಲಿ ಒತ್ತಿದ್ರೆ ನೆಟ್ಟಗಾಯ್ತದೆ ಅಂತ ನಮ್ಮವ್ವ ಅಂದ್ಳು. ನನಗೆ ಎಲ್ಲಿ ತಾಳ್ಮೆ? ನಮ್ಮಕ್ಕನೇ ದಿನಾ ಬೆಳಿಗ್ಗೆ ನೀರು ತೊಟ್ಟಿ ತಾವ ನನ್ನ ಕೂರಿಸ್ಕೊಂಡು, ಬಾಯಿಗೆ ಹೆಬ್ಬೆಟ್ಟು ಇಕ್ಕಿ ಒತ್ತೋಳು. ಎಷ್ಟೋ ಸಲ ಕಚ್ಬುಟ್ಟಿದೀನಿ. ಆದ್ರೂ ಬಿಡಾಳಲ್ಲ. ಎರಡು ವರ್ಷ ಒತ್ತುದ್ಲು ಕಣಮ್ಮ. ಅದು ನೆಟ್ಟಗಾಗ್ಲೇ ಇಲ್ಲ."

ಹೇಳುತ್ತ ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು. ಅಂಬರೀಶನಿಗೆ ಅರವತ್ತು ವರ್ಷದ ಹಿಂದಿನ ಆ ತೊಟ್ಟಿಯಾಗಲಿ ಹೆಬ್ಬೆಟ್ಟಾಗಲಿ ಎಲ್ಲಿ ಕಾಣಬೇಕು? ಅವನ ತಲೆಯಲ್ಲಿದ್ದದ್ದು ಮದುವೆಯ ವಿಡಿಯೋ.

"ಡಾಕ್ಟ್ರೇ, ಹೆಂಗೂ ಹೊಸದು ಮಾಡ್ತೀರಲ್ಲ, ಬೆಳ್ಳಗೆ ಹಾಲಿನಂಗಿರೋದು, ಸಾಲಾಗಿ ಜೋಡ್ಸಿರೋದು ಹಾಕ್ಬಿಡಿ. ವಿಡಿಯೋದಲ್ಲಿ ಝಗ್ ಅನ್ಬೇಕು."

"ಸುಮ್ಕಿರೋ!" ಎಂದಳು ಅಮ್ಮ. "ಎಪ್ಪತ್ತರ ಮುದುಕಿ ಬಾಯಲ್ಲಿ ಟ್ಯೂಬ್‌ಲೈಟ್ ಹಾಕ್ತೀಯಾ? ನನಗೆ ಈ ಹಲ್ಲೇ ಬೇಕು. ಸೊಟ್ಟಗೇ ಇರ್ಲಿ."

"ಅಜ್ಜಿ ಹೇಳಿದ್ದೇ ಸರಿ" ಎಂದರು ಡಾಕ್ಟರು. "ವಯಸ್ಸಿಗೆ, ಮೈಬಣ್ಣಕ್ಕೆ ಹೊಂದೋ ಬಣ್ಣ ಹಾಕ್ಬೇಕು. ಬಾಯಿಗೆ ತಕ್ಕ ಅಳತೆ ಇರ್ಬೇಕು. ಆಗಲೇ ಅದು ಕಟ್ಟಿಸಿದ ಹಲ್ಲು ಅಂತ ಯಾರಿಗೂ ಗೊತ್ತಾಗಲ್ಲ. ಆದ್ರೆ ಒಂದು ಮಾತು. ಇದು ಒಂದೇ ದಿನದ ಕೆಲಸ ಅಲ್ಲ. ನಾಲ್ಕೈದು ಸಲ ಬರ್ಬೇಕು. ಬೇಸರ ಮಾಡ್ಕೋಬಾರ್ದು."

ಬೇಸರವೇನು ಬಂತು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದು ಮುನಿಲಕ್ಷ್ಮಮ್ಮನಿಗೆ ಇಷ್ಟವೇ. ಮೊದಲ ಸಲ ಮೆತ್ತನೆಯ ಹಿಟ್ಟಿನಂಥದ್ದನ್ನು ಬಾಯಿಗಿಟ್ಟು ವಸಡಿನ ಅಚ್ಚು ತೆಗೆದರು. ಇನ್ನೊಂದು ಸಲ ಮೇಣದ ಪಟ್ಟಿ ಇಟ್ಟು, ಬಾಯಿ ಮುಚ್ಚಿದಾಗ ಮೇಲು ದವಡೆ ಕೆಳದವಡೆ ಎಲ್ಲಿ ಕೂಡುತ್ತದೆ ಎಂದು ಅಳೆದರು. ಮೂರನೆಯ ಸಲ ಮೇಣದ ಮೇಲೆ ಹಲ್ಲು ಜೋಡಿಸಿ, "ಇದು ಪರೀಕ್ಷೆಗೆ ಮಾತ್ರ ಅಜ್ಜಿ. ಗಟ್ಟಿ ಮಾಡೋಕೆ ಮುಂಚೆ ಏನ್ ಸರಿಯಿಲ್ಲ ಅಂತ ಈಗಲೇ ಹೇಳ್ಬೇಕು. ಆಮೇಲೆ ಬದಲಾಯಿಸೋದು ಕಷ್ಟ. ಎಲ್ಲಿ, ಏನಾದ್ರೂ ಮಾತಾಡಿ" ಎಂದು ಕನ್ನಡಿ ಕೊಟ್ಟರು.

ಮುನಿಲಕ್ಷ್ಮಮ್ಮ ಕನ್ನಡಿ ನೋಡಿದಳು. ಒಳಗೆ ಹೋಗಿದ್ದ ಕೆನ್ನೆ ಹೊರಗೆ ಬಂದಿತ್ತು. ಮುಂದಿನ ಹಲ್ಲು ಪಕ್ಕದ್ದರ ಮೇಲೆ ಒಂಚೂರು ಹತ್ತಿ ಕೂತಿತ್ತು. ಅಕ್ಕ ಎರಡು ವರ್ಷ ಒತ್ತಿದ ಹಲ್ಲು. ಅವಳಿಗೆ ಮಾತು ಬರಲಿಲ್ಲ, ಪದ ಬಂತು.

"ಹಸಿರು ಚಪ್ಪರದಡಿ ಹಸೆ ಬರೆದು ಕಾದೀವಿ
ಬಿಸಿಲೇರೋ ಮುನ್ನ ಬಾ ಮಗಳೆ..."

ಮೆಲ್ಲಗೆ, ತಡವರಿಸುತ್ತ, ಅಲ್ಲಲ್ಲಿ ತೊದಲುತ್ತ. ಹೊರಗೆ ಚೀಟಿ ಹಿಡಿದು ಕೂತಿದ್ದವರು ಬಾಗಿಲಲ್ಲಿ ಇಣುಕಿದರು. ಅಕ್ಷತ ಡಾಕ್ಟರು ಪದ ಮುಗಿಯುವವರೆಗೂ ಕೈಕಟ್ಟಿ ನಿಂತಿದ್ದು, ಆಮೇಲೆ, "'ಸ' ಅನ್ನೋವಾಗ ಗಾಳಿ ಜಾಸ್ತಿ ಬರ್ತಿದೆ. ಸ್ವಲ್ಪ ಸರಿಮಾಡ್ತೀನಿ" ಎಂದರು.

ಸೆಟ್ಟು ಕೈಗೆ ಬಂದದ್ದು ಅವರೆಕಾಯಿ ಕಾಲದಲ್ಲಿ. ಬಂದ ದಿನವೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ವಾರ ಬಾಯೊಳಗೆ ಕಲ್ಲು ಇಟ್ಟುಕೊಂಡ ಹಾಗಿತ್ತು, ಜೊಲ್ಲು ಸುರಿಯುತ್ತಿತ್ತು. "ತಗೊಂಡೋಗಿ ಬಾವಿಗಾಕ್ತೀನಿ ಇದನ್ನ" ಎಂದು ದಿನಕ್ಕೆರಡು ಸಲ ಅಂದಳು. ಒಂದು ಕಡೆ ಒತ್ತುತ್ತಿತ್ತೆಂದು ಅಂಬರೀಶ್ ಅರ ತೆಗೆದುಕೊಂಡು ತಾನೇ ಉಜ್ಜಲು ಹೊರಟಿದ್ದ. ರಮ್ಯ ಓಡಿ ಬಂದು ಕಿತ್ತುಕೊಂಡಳು.

"ನಿಮ್ಮ ಫ್ಯಾಕ್ಟ್ರಿ ಪಾರ್ಟ್ ಅಲ್ಲ ಕಣಣ್ಣ ಇದು! ಮನೇಲಿ ಉಜ್ಜಬಾರ್ದು, ಗಮ್ಮು ಹಾಕ್ಬಾರ್ದು. ಒತ್ತಿದ್ರೆ ಡಾಕ್ಟ್ರತ್ರ ಹೋದ್ರೆ ಐದು ನಿಮಿಷದ ಕೆಲಸ." ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ಮೊದ್ಲು ಮೆತ್ತಗಿರೋದು ತಿನ್ನಿ, ಸಣ್ಣ ತುತ್ತು, ಎರಡೂ ಕಡೆ ಅಗೀರಿ. ಊಟ ಆದ್ಮೇಲೆ ತೆಗೆದು ಮೆತ್ತನೆ ಬ್ರಷ್ಷು, ಸೋಪು ಹಾಕಿ ತೊಳೀರಿ. ಕೆಳಗೆ ನೀರಿರೋ ಬೋಗುಣಿ ಇಟ್ಕೊಳ್ಳಿ, ಜಾರಿದ್ರೂ ಒಡೆಯಲ್ಲ. ಬಿಸಿನೀರು ಬೇಡ, ಆಕಾರ ಕೆಡತ್ತೆ. ಮಲಗೋವಾಗ ತೆಗೆದು ತಣ್ಣೀರಲ್ಲಿ ಹಾಕಿ. ವಸಡಿಗೂ ಉಸಿರಾಟ ಬೇಕಲ್ಲ?"

"ಹುಣಸೆಹಣ್ಣು?" ಎಂದಳು ಮುನಿಲಕ್ಷ್ಮಮ್ಮ.

"ಅದು ಸಾರಿಗೆ!"

ಡಾಕ್ಟರು ಒತ್ತುತ್ತಿದ್ದ ಜಾಗ ಸರಿಮಾಡಿದರು. ಮೂರನೆಯ ವಾರಕ್ಕೆ ಬಾಯಿ ಹೊಂದಿಕೊಂಡಿತು. ಅವರೆಕಾಯಿ ಬಿಡಿಸುತ್ತ, ಹಸುವಿಗೆ ಹುಲ್ಲು ಹಾಕುತ್ತ, ಎಲ್ಲಿದ್ದರೂ ಪದ ಗುನುಗುವಳು. ಅದೇ ಅವಳ ಅಭ್ಯಾಸ. ಒಂದು ದಿನ ಅವರೆಯ ಹಿತಕಿದಬೇಳೆ ಸಾರಿನಲ್ಲಿ ಮುದ್ದೆ ಉಂಡು, ತಟ್ಟೆಯಲ್ಲಿ ಉಳಿದ ಬೇಳೆಯನ್ನು ಒಂದೊಂದಾಗಿ ಅಗಿದು ತಿಂದಳು. ಎಷ್ಟು ಕಾಲವಾಗಿತ್ತು ಆ ರುಚಿ ನೋಡಿ! ಭಾಗ್ಯಮ್ಮ ಇನ್ನೊಂದು ಸೌಟು ಬಡಿಸಿದಳು. ಅಕ್ಕನ ಸೆಟ್ಟು ಅಕ್ಕನ ಧಾರೆ ಸೀರೆಯ ಮಡಿಕೆಯೊಳಗೆ, ಪೆಟ್ಟಿಗೆಯಲ್ಲಿ ಹಾಯಾಗಿತ್ತು.

ಮದುವೆ ಬಂತು. ಧಾರೆ ಮುಗಿದು ಹೆಣ್ಣುಗಂಡು ಆರತಿಗೆ ಕೂತಾಗ ಸಿಂಧು ಕಣ್ಣಲ್ಲೇ ಡೀಜೆಯವನಿಗೆ ಹೇಳಿ ಸ್ಪೀಕರು ಬಂದ್ ಮಾಡಿಸಿದಳು. ಮುನಿಲಕ್ಷ್ಮಮ್ಮ ಹಾಡಿದಳು. ಸೋಬಾನೆಯ ಒಂದೊಂದು ಅಕ್ಷರವೂ ಛತ್ರದ ಕಡೆಯ ಕುರ್ಚಿಯವರೆಗೆ ಮುಟ್ಟಿತು. ಸಿಂಧುವಿನ ಕಣ್ಣಿನ ಕಾಡಿಗೆ ಕರಗಿತು. ಆಮೇಲೆ ಸಂಪ್ರದಾಯದಂತೆ ಬೀಗರನ್ನು ಛೇಡಿಸುವ ಪದ ಎತ್ತಿಕೊಂಡಳು.

"ಬಸ್ಸು ತುಂಬ ಬೀಗರು ಬಂದಾರೆ ನೋಡವ್ವ
ಉಸ್ಸೆಂದು ಕುಂತಾರೆ ಊಟಕ್ಕೆ, ನಮ್ಮನೆಯ
ಹೆಸರುಬೇಳೆ ಪಾಯಸ ಸಾಲದು!"

ಛತ್ರವೆಲ್ಲ ಗೊಳ್ಳೆಂದಿತು. ಈಗ ಗಂಡಿನ ಕಡೆಯವರು ಉತ್ತರ ಕೊಡಬೇಕು. ಯಾರಿಗೂ ಬರದು. ಎಲ್ಲರೂ ಗಂಡಿನ ಅಜ್ಜಿಯತ್ತ ನೋಡಿದರು. ಅನುಗೊಂಡನಹಳ್ಳಿಯ ಸೊಣ್ಣಮ್ಮ ಆಕೆ. ಬೆಳಗಿನಿಂದ ಮೂಲೆಯ ಕುರ್ಚಿಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು, ಯಾರೊಂದಿಗೂ ಮಾತಿಲ್ಲ. ಈಗಲೂ ತಲೆಯಾಡಿಸಿ ಬೇಡ ಎಂದಳು. ಆದರೆ ಅವಳ ತುಟಿ ಸೆರಗಿನ ಹಿಂದೆ ಆಡುತ್ತಿದ್ದುದನ್ನು ಮುನಿಲಕ್ಷ್ಮಮ್ಮ ನೋಡಿಬಿಟ್ಟಳು. ಎದ್ದು ಹೋಗಿ ಪಕ್ಕದಲ್ಲಿ ಕೂತಳು.

"ನಿನಗೆ ಪದ ಬರ್ತದೆ ಅಲ್ವಾ ಬೀಗಿತ್ತಿ?"

"ಬರ್ತದೆ ಕಣವ್ವ" ಎಂದಳು ಸೊಣ್ಣಮ್ಮ ಸೆರಗಿನೊಳಗಿಂದಲೇ. "ಬಾಯಿ ಹೋಯ್ತು. ಒಂದೂ ಹಲ್ಲಿಲ್ಲ. ನಾನು ಬಾಯಿ ತೆಗೆದ್ರೆ ಮಕ್ಳು ನಗ್ತವೆ."

"ನನ್ನ ಕಿವೀಲಿ ಹೇಳು."

ಸೊಣ್ಣಮ್ಮ ಹೇಳಿದಳು. ಮುನಿಲಕ್ಷ್ಮಮ್ಮ ಬಿದ್ದು ಬಿದ್ದು ನಕ್ಕಳು. ಆಮೇಲೆ ಬೀಗಿತ್ತಿಯ ಕೈಹಿಡಿದು ಎಬ್ಬಿಸಿ, ತನ್ನ ಮನೆಯವರ ಕಡೆಗೇ ತಿರುಗಿ, ತನ್ನ ಮನೆಯನ್ನೇ ಬೈಯುವ ಆ ಪದವನ್ನು ಛತ್ರ ಹಾರಿಹೋಗುವ ಹಾಗೆ ಹಾಡಿದಳು.

"ಹಸಿದು ಬಂದವರಲ್ಲ, ಹೆಸರ್ಹಿಡಿದು ಕರೆದಿರಿ
ಬಿಸಿನೀರ ಪಾಯಸವ ಬಡಿಸಿದಿರಿ, ನಿಮ್ಮೂರ
ಹಸು ಕೂಡ ಮೂಸಿ ಹೋದೀತು!"

ನಗು ಚಪ್ಪಾಳೆಗಳ ನಡುವೆ ಸೊಣ್ಣಮ್ಮನ ಸೆರಗು ಯಾವಾಗ ಜಾರಿತೋ, ಅವಳಿಗೇ ತಿಳಿಯಲಿಲ್ಲ.

"ಇವತ್ತು ನಿನ್ನ ಪದಕ್ಕೆ ನನ್ನ ಬಾಯಿ ಕೊಟ್ಟೆ ಬೀಗಿತ್ತಿ" ಎಂದಳು ಮುನಿಲಕ್ಷ್ಮಮ್ಮ. "ನಿಮ್ ತಾಲ್ಲೂಕಾಸ್ಪತ್ರೆಲೂ ಹಲ್ಲಿನ ಡಾಕ್ಟ್ರು ಇದಾರಾ ಅಂತ ಕೇಳ್ಸು. ಇಲ್ಲಾಂದ್ರೆ ನನ್ನ ಜೊತೆ ಬಾ, ನಾನು ಕರ್ಕೊಂಡೋಗ್ತೀನಿ. ನಿನಗೆ ಬರೋ ಪದವೆಲ್ಲ ನಿನ್ನ ಬಾಯಲ್ಲೇ ಕೇಳ್ಬೇಕು ನಾನು."

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಒಮ್ಮೆ ನಿಮ್ಮ ಮನೆಯ ಹಿರಿಯರ ಕಡೆ ನೋಡಿ. ಅವರು ಏನನ್ನು ತಿನ್ನುವುದು ಬಿಟ್ಟಿದ್ದಾರೆ? ಯಾವಾಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ? ವಯಸ್ಸಾಯಿತು, ಇನ್ನು ಹಲ್ಲೇಕೆ ಎನ್ನಬೇಡಿ. ಬೇರೆಯವರ ಸೆಟ್ಟು, ಸಡಿಲ ಸೆಟ್ಟು, ರಸ್ತೆ ಬದಿಯ ಸೆಟ್ಟು ಬೇಡವೇ ಬೇಡ. ಅವರದೇ ಬಾಯಿಯ ಅಳತೆ ಕೊಟ್ಟು, ಅವರ ಮುಖಕ್ಕೆ ಒಪ್ಪುವ ಹಲ್ಲನ್ನೇ ಕಟ್ಟಿಸಿ. ಈಗಾಗಲೇ ಸೆಟ್ಟು ಇರುವವರು ವರ್ಷಕ್ಕೊಮ್ಮೆ ತೋರಿಸಿ. ವಸಡು ಸವೆದಂತೆ ಸೆಟ್ಟೂ ಸಡಿಲವಾಗುತ್ತದೆ. ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ ಇವತ್ತೇ ಹೊರಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲೋ ನಿಮ್ಮೂರ ಆಶಾ ಕಾರ್ಯಕರ್ತೆಯ ಹತ್ತಿರವೋ, ಹಿರಿಯರಿಗೆ ಏನು ನೆರವಿದೆ ಎಂದು ಕೇಳಿ ತಿಳಿದುಕೊಳ್ಳಿ. ಅವರ ಬಾಯಲ್ಲಿ ಇನ್ನೂ ಎಷ್ಟೋ ಪದಗಳಿವೆ, ನಾವು ಕೇಳದೇ ಉಳಿದವು. ಅವರಿದ್ದಾಗಲೇ ಕೇಳೋಣ.